ಭರಣದ ಬಾಕಿ: ಮಕ್ಕಳ ಜೀವನಾಂಶದ ಚರಿತ್ರೆ

ಮಹಾಭಾರತದ ಆದಿಪರ್ವದಲ್ಲಿ ಬರುವ ಶಕುಂತಲೋಪಾಖ್ಯಾನವನ್ನು ಪ್ರಣಯಕಥೆಯೆಂದು ಓದುವ ವಾಡಿಕೆಯೇ ಹೆಚ್ಚು. ಆದರೆ ವ್ಯಾಸಭಾರತದ ಆ ಭಾಗ ಮೂಲತಃ ಒಂದು ವ್ಯಾಜ್ಯದ ಕಥೆ. ಕಾಡಿನಲ್ಲಿ ಹುಟ್ಟಿ ಬೆಳೆದ ಮಗನನ್ನು ಕರೆದುಕೊಂಡು ತಾಯಿಯೊಬ್ಬಳು ರಾಜಸಭೆಗೆ ಬರುತ್ತಾಳೆ. ಎಲ್ಲವೂ ನೆನಪಿದ್ದೂ ತಂದೆಯು ತನಗೇನೂ ತಿಳಿಯದೆಂದು ಹೇಳುತ್ತಾನೆ. ತಾಯಿಯ ಕುಲವನ್ನೂ ನಡತೆಯನ್ನೂ ಹಳಿಯುತ್ತಾನೆ. ತಾಯಿ ಅಳುತ್ತ ನಿಲ್ಲುವುದಿಲ್ಲ. ಧರ್ಮವನ್ನೂ ಸತ್ಯವನ್ನೂ ಮುಂದಿಟ್ಟು ತುಂಬಿದ ಸಭೆಯಲ್ಲಿ ವಾದಿಸುತ್ತಾಳೆ. ಕೊನೆಗೆ ಅಶರೀರವಾಣಿಯೊಂದು ಮಗನನ್ನು ಭರಿಸಬೇಕೆಂದು ದುಷ್ಯಂತನಿಗೆ ವಿಧಿಸುತ್ತದೆ. ಆ ವಿಧಿಯ ಕಾರಣದಿಂದಲೇ ಬಾಲಕನಿಗೆ ಭರತನೆಂಬ ಹೆಸರು ಬಂದಿತೆಂದು ಇತಿಹಾಸಕಾವ್ಯ ಹೇಳುತ್ತದೆ. ಹೊರು, ಸಾಕು, ಪೋಷಿಸು ಎಂಬ ಅರ್ಥಗಳುಳ್ಳ ‘ಭೃ’ ಧಾತುವಿನಿಂದ ಹುಟ್ಟಿದ ಆ ಹೆಸರಿನಲ್ಲಿ ತಂದೆಯ ಮೇಲಿನ ಹೊಣೆಯೊಂದು ಅಚ್ಚೊತ್ತಿ ಉಳಿದಿದೆ.

ಕಾಳಿದಾಸನಲ್ಲಿ ಈ ಅರ್ಥ ಬದಲಾಗುತ್ತದೆ. ನಾಟಕದ ಕೊನೆಯಲ್ಲಿ ಸರ್ವದಮನನು ಮುಂದೆ ಲೋಕವನ್ನು ಭರಿಸುವುದರಿಂದ ಭರತನೆನಿಸುವನೆಂದು ಮಾರೀಚನು ಹರಸುತ್ತಾನೆ. ಪೋಷಿಸಲ್ಪಡಬೇಕಾದವನು ಪೋಷಿಸುವವನಾಗುತ್ತಾನೆ. ದೂರ್ವಾಸನ ಶಾಪದಿಂದಾಗಿ ತಂದೆಯ ನಿರಾಕರಣೆಯು ಮರೆವಾಗಿ ಮಾರ್ಪಡುತ್ತದೆ. ಮಗುವು ತಪೋವನದಲ್ಲಿ ಬೆಳೆಯುವುದರಿಂದ ಅದರ ಅನ್ನವಸ್ತ್ರದ ಪ್ರಶ್ನೆಯೇ ಏಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚುರಮುರಿ ಶೇಷಗಿರಿರಾಯರೂ ಬಸವಪ್ಪಶಾಸ್ತ್ರಿಗಳೂ ಕನ್ನಡಕ್ಕೆ ತಂದದ್ದು ಕಾಳಿದಾಸನ ಈ ಶಾಕುಂತಲವನ್ನು. ಕನ್ನಡ ರಂಗಭೂಮಿಗೆ ಪರಿಚಿತಳಾದವಳು ಶಾಪಗ್ರಸ್ತೆಯಾದ ಶಕುಂತಲೆ. ಸಭೆಯಲ್ಲಿ ನಿಂತು ಮಗನ ಹಕ್ಕನ್ನು ಕೇಳಿದ ಶಕುಂತಲೆ ಹಿಂದೆ ಸರಿದಳು.

ಮಕ್ಕಳ ಜೀವನಾಂಶದ ಚರಿತ್ರೆಯನ್ನು ನೋಡಹೊರಟವರಿಗೆ ವ್ಯಾಸನ ಆಖ್ಯಾನ ಮೂರು ಪ್ರಶ್ನೆಗಳನ್ನು ಒದಗಿಸುತ್ತದೆ. ತಂದೆ ಯಾರೆಂಬುದನ್ನು ಸ್ಥಾಪಿಸುವುದು ಹೇಗೆ? ಮಗುವಿಗೆ ಸಲ್ಲಬೇಕಾದದ್ದು ಎಷ್ಟು? ಸಲ್ಲಬೇಕಾದದ್ದನ್ನು ಸಲ್ಲಿಸುವಂತೆ ಮಾಡುವವರು ಯಾರು? ಮೊದಲೆರಡು ಪ್ರಶ್ನೆಗಳಿಗೆ ಭಾರತೀಯ ಧರ್ಮಶಾಸ್ತ್ರವೂ ಆಧುನಿಕ ಕಾನೂನೂ ತಮ್ಮ ತಮ್ಮ ರೀತಿಯಲ್ಲಿ ಉತ್ತರಗಳನ್ನು ಕಂಡುಕೊಂಡಿವೆ. ಮೂರನೆಯದು ಇಂದಿಗೂ ತೆರೆದೇ ಇದೆ. ಮಗುವನ್ನು ಸಾಕಬೇಕೆಂಬ ತತ್ತ್ವವನ್ನು ಈ ನಾಡಿನ ಯಾವ ಶಾಸ್ತ್ರವೂ ಅಲ್ಲಗಳೆದಿಲ್ಲ. ಕೊರತೆಯಿರುವುದು ತಂದೆಯ ಕೈಯಿಂದ ಮಗುವಿನ ತಟ್ಟೆಗೆ ಹಣವನ್ನು ತಲಪಿಸುವ ಏರ್ಪಾಡಿನಲ್ಲಿ.

ದಂಡವೂ ದಾನವೂ

ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಬಹು ಸ್ಪಷ್ಟವಾಗಿ ಮಾತನಾಡುತ್ತದೆ. ಶಕ್ತಿಯಿದ್ದೂ ಮಕ್ಕಳು, ಹೆಂಡತಿ, ತಾಯಿತಂದೆ, ಪ್ರಾಪ್ತವಯಸ್ಕರಲ್ಲದ ತಮ್ಮಂದಿರು, ಮದುವೆಯಾಗದ ಮತ್ತು ವಿಧವೆಯರಾದ ಸಹೋದರಿಯರನ್ನು ಸಾಕದವನಿಗೆ ಹನ್ನೆರಡು ಪಣಗಳ ದಂಡವನ್ನು ಕೌಟಿಲ್ಯನು ವಿಧಿಸುತ್ತಾನೆ. ಪತಿತರಾದವರನ್ನು ಸಾಕದಿದ್ದರೆ ದಂಡವಿಲ್ಲ. ಆದರೆ ತಾಯಿಗೆ ಆ ವಿನಾಯಿತಿ ಅನ್ವಯಿಸದು. ಇಲ್ಲಿ ‘ಶಕ್ತಿಯುಳ್ಳವನು’ ಎಂಬ ವಿಶೇಷಣ ಗಮನಾರ್ಹ. ಎರಡು ಸಾವಿರ ವರ್ಷಗಳ ಬಳಿಕ ಬಂದ ಬ್ರಿಟಿಷ್ ಭಾರತದ ಸಂಹಿತೆಯೂ ‘ಸಾಕಷ್ಟು ಅನುಕೂಲವುಳ್ಳ’ ವ್ಯಕ್ತಿಯನ್ನೇ ಹೊಣೆಗಾರನನ್ನಾಗಿ ಮಾಡಿತು.

ಅದೇ ಅಧ್ಯಾಯದ ಮುಂದಿನ ಸೂತ್ರ, ಹೆಂಡತಿಮಕ್ಕಳಿಗೆ ಯಾವ ಏರ್ಪಾಡನ್ನೂ ಮಾಡದೆ ಸಂನ್ಯಾಸಕ್ಕೆ ಹೊರಡುವವನನ್ನು ಪೂರ್ವಸಾಹಸದಂಡಕ್ಕೆ ಗುರಿಪಡಿಸುತ್ತದೆ. ಸಾಕದಿರುವುದಕ್ಕೆ ವೈರಾಗ್ಯವೂ ನೆಪವಾಗಲಾರದೆಂಬುದು ಇದರ ತಾತ್ಪರ್ಯ. ಜೈನ ಪುರಾಣಗಳಲ್ಲಿ ವೃಷಭನಾಥನು ಭರತ, ಬಾಹುಬಲಿ ಮತ್ತು ಇತರ ಮಕ್ಕಳಿಗೆ ರಾಜ್ಯವನ್ನು ಹಂಚಿಕೊಟ್ಟ ಮೇಲೆಯೇ ದೀಕ್ಷೆಗೆ ನಡೆಯುತ್ತಾನೆ. ಆ ಭರತ ದುಷ್ಯಂತನ ಮಗನಲ್ಲ, ಬೇರೆಯವನು. ಆದರೂ ಬಿಟ್ಟುಹೋಗುವವನು ಮೊದಲು ಕೊಟ್ಟುಹೋಗಬೇಕೆಂಬ ಭಾವ ಎರಡು ಪರಂಪರೆಗಳಲ್ಲಿಯೂ ಒಂದೇ.

ಆದರೆ ಕೌಟಿಲ್ಯನ ದಂಡದಲ್ಲಿ ಒಂದು ಲೋಪವಿದೆ. ಹನ್ನೆರಡು ಪಣಗಳು ಹೋಗುವುದು ರಾಜನ ಬೊಕ್ಕಸಕ್ಕೆ. ಹಸಿದ ಮಗುವಿನ ಪಾಲಿಗೆ ಅದರಲ್ಲಿ ಏನೂ ಇಲ್ಲ. ತಂದೆಮಕ್ಕಳು, ದಂಪತಿಗಳು, ಗುರುಶಿಷ್ಯರು ಪತಿತರಲ್ಲದ ಒಬ್ಬರನ್ನೊಬ್ಬರು ತೊರೆದರೆ ನೂರು ಪಣಗಳ ದಂಡವೆಂದು ಹೇಳುವ ಯಾಜ್ಞವಲ್ಕ್ಯಸ್ಮೃತಿಯ ವಚನಕ್ಕೂ ಇದೇ ಮಾತು ಸಲ್ಲುತ್ತದೆ. ತಪ್ಪಿತಸ್ಥನನ್ನು ದಂಡಿಸುವುದು ಒಂದು, ಹಕ್ಕುಳ್ಳವರಿಗೆ ಕೊಡಿಸುವುದು ಇನ್ನೊಂದು.

ಈ ಎರಡನೆಯದರ ಅರಿವು ಅದೇ ಸ್ಮೃತಿಯ ಆಚಾರಾಧ್ಯಾಯದಲ್ಲಿದೆ. ಆಜ್ಞೆಯನ್ನು ಪಾಲಿಸುವ, ದಕ್ಷಳಾದ, ಪುತ್ರವತಿಯಾದ, ಪ್ರಿಯವಾದಿನಿಯಾದ ಹೆಂಡತಿಯನ್ನು ತ್ಯಜಿಸುವವನು ತನ್ನ ಸ್ವತ್ತಿನ ಮೂರರಲ್ಲೊಂದು ಭಾಗವನ್ನು ಕೊಡಬೇಕು. ಸ್ವತ್ತಿಲ್ಲದಿದ್ದರೆ ಆಕೆಯ ಭರಣವನ್ನಾದರೂ ನೋಡಿಕೊಳ್ಳಬೇಕು ಎಂಬುದು ಅಲ್ಲಿನ ವಿಧಿ. ಸ್ಮೃತಿಕಾರನು ಬಳಸುವ ಕ್ರಿಯಾರೂಪ ‘ದಾಪ್ಯಃ’ ಎಂಬುದು. ಅದು ಪ್ರೇರಣಾರ್ಥಕ, ಅವನು ಕೊಡುವವನಲ್ಲ, ಕೊಡುವಂತೆ ಮಾಡಲ್ಪಡತಕ್ಕವನು. ಕನ್ನಡದ ‘ಕೊಡು’ ಮತ್ತು ‘ಕೊಡಿಸು’ ಎಂಬ ಧಾತುಗಳ ನಡುವಿನ ಅಂತರವೇ ಇಲ್ಲಿಯದೂ. ಕೊಡಿಸುವುದಕ್ಕೆ ಮೂರನೆಯವನೊಬ್ಬ ಬೇಕು. ಸ್ಮೃತಿಯ ಕಾಲದಲ್ಲಿ ಅವನು ರಾಜ.

ಕಲ್ಯಾಣದ ವ್ಯಾಖ್ಯಾನಕಾರ

ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಕಲ್ಯಾಣದಲ್ಲಿದ್ದವನು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ರಚಿತವಾದ ಆ ಗ್ರಂಥ, ಬಂಗಾಳದ ದಾಯಭಾಗ ಸಂಪ್ರದಾಯದ ಪ್ರದೇಶಗಳನ್ನುಳಿದು ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಬ್ರಿಟಿಷ್ ನ್ಯಾಯಾಲಯಗಳ ಕೈಪಿಡಿಯೂ ಆಯಿತು.

ಕುಟುಂಬಕ್ಕೆ ಧಕ್ಕೆಯಾಗದಂತೆ ಮಾತ್ರ ಸ್ವತ್ತನ್ನು ದಾನಮಾಡಬಹುದೆಂಬ ಯಾಜ್ಞವಲ್ಕ್ಯನ ವಚನವನ್ನು ವಿವರಿಸುವಾಗ ವಿಜ್ಞಾನೇಶ್ವರನು ಮನುವಿನ ಹೆಸರಿನಲ್ಲಿ ಒಂದು ಶ್ಲೋಕವನ್ನು ಉದಾಹರಿಸುತ್ತಾನೆ. ವೃದ್ಧರಾದ ತಾಯಿತಂದೆಯರನ್ನೂ ಸಾಧ್ವಿಯಾದ ಹೆಂಡತಿಯನ್ನೂ ಶಿಶುವಾದ ಮಗನನ್ನೂ ಮಾಡಬಾರದ ನೂರು ಕೆಲಸಗಳನ್ನು ಮಾಡಿಯಾದರೂ ಸಾಕಬೇಕೆಂಬುದು ಅದರ ಅಭಿಪ್ರಾಯ. ಧರ್ಮಶಾಸ್ತ್ರವೇ ಅಧರ್ಮಕ್ಕೆ ಅನುಮತಿ ನೀಡುವ ಅಪರೂಪದ ಸಂದರ್ಭಗಳಲ್ಲಿ ಇದು ಒಂದು. ಮಗುವಿನ ಹಸಿವಿನ ಮುಂದೆ ಉಳಿದ ವಿಧಿನಿಷೇಧಗಳು ಸಡಿಲಗೊಳ್ಳುತ್ತವೆ.

ಈ ಶ್ಲೋಕದ ವಿಶೇಷಣಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಸೂಕ್ಷ್ಮವಾಗಿ ನೋಡಬೇಕು. ಹೆಂಡತಿಗೆ ‘ಸಾಧ್ವಿ’ ಎಂಬ ನಡತೆಯ ಷರತ್ತಿದೆ. ಮಗುವಿಗಿರುವುದು ‘ಶಿಶು’ ಎಂಬ ವಯಸ್ಸಿನ ಸೂಚನೆ ಮಾತ್ರ, ಗುಣದ ಷರತ್ತಿಲ್ಲ. ಎಳೆಯದಾಗಿರುವುದೇ ಅದರ ಅರ್ಹತೆ. ಈ ಭೇದ ಇಂದಿನ ಕಾನೂನಿನಲ್ಲಿಯೂ ಉಳಿದುಬಂದಿದೆ. ವ್ಯಭಿಚಾರದಲ್ಲಿ ಬಾಳುತ್ತಿರುವಳೆಂಬ ಕಾರಣ ಸಾಬೀತಾದರೆ ಹೆಂಡತಿಯ ಜೀವನಾಂಶ ನಿಲ್ಲಬಹುದು. ತಾಯಿಯ ನಡತೆಯ ಕಾರಣದಿಂದ ಮಗುವಿನದು ನಿಲ್ಲಲಾರದು.

ಆದರೆ ಶಾಸ್ತ್ರದ ಈ ಔದಾರ್ಯಕ್ಕೆ ಗಡಿಗಳಿದ್ದವು. ಶ್ಲೋಕ ಹೇಳುವುದು ಮಗನ ಮಾತನ್ನು. ದಾಸಿಯಲ್ಲಿ ಹುಟ್ಟಿದ ಶೂದ್ರನ ಮಗನಿಗೆ ತಂದೆಯ ಇಚ್ಛೆಯಂತೆ ಪಾಲು ದೊರೆಯಬಹುದೆಂದು ಸ್ಮೃತಿ ಹೇಳಿದರೆ, ದ್ವಿಜನಿಗೆ ದಾಸಿಯಲ್ಲಿ ಹುಟ್ಟಿದವನಿಗೆ ಪಾಲಿಲ್ಲವೆಂದೂ ಅನುಕೂಲವಾಗಿ ನಡೆದುಕೊಂಡರೆ ಜೀವನಮಾತ್ರ ದೊರೆಯುವುದೆಂದೂ ಮಿತಾಕ್ಷರೆ ವಿವರಿಸುತ್ತದೆ. ಔರಸ ಶಿಶುವಿಗಿಲ್ಲದ ನಡತೆಯ ಷರತ್ತು ದಾಸೀಪುತ್ರನಿಗೆ ಬಂದಿತು. ಪಾಲಿಲ್ಲದವನಿಗೆ ಬದುಕುವಷ್ಟನ್ನು ಕೊಡುವ ಈ ‘ಜೀವನ’ದ ಕಲ್ಪನೆಯೇ ‘ಜೀವನಾಂಶ’ವೆಂಬ ಇಂದಿನ ನ್ಯಾಯಾಲಯದ ಮಾತಿನಲ್ಲಿಯೂ ಕೇಳಿಸುತ್ತದೆ: ಬದುಕಿಗೆಂದು ತೆಗೆದಿರಿಸಿದ ಅಂಶ.

ಅಲೆಮಾರಿಗಳ ಭಯದಿಂದ ಹುಟ್ಟಿದ ಕಲಂ

ಆಧುನಿಕ ಭಾರತದ ಜೀವನಾಂಶ ಕಾನೂನು ಮಿತಾಕ್ಷರೆಯಿಂದ ನೇರವಾಗಿ ಬಂದದ್ದಲ್ಲ. ಅದರ ಇನ್ನೊಂದು ಬೇರು ಇಂಗ್ಲೆಂಡಿನ ಬಡವರ ಕಾನೂನಿನಲ್ಲಿದೆ. ಎಲಿಜಬೆತ್ ರಾಣಿಯ ಕಾಲದ 1576ರ ಶಾಸನ, ವಿವಾಹಬಾಹ್ಯವಾಗಿ ಹುಟ್ಟಿ ಪ್ಯಾರಿಷ್‌ನ ಖರ್ಚಿಗೆ ಬೀಳುವ ಮಗುವಿನ ತಾಯಿಗೂ ತಂದೆಯೆನಿಸಿದವನಿಗೂ ವಾರವಾರ ಹಣ ಕಟ್ಟುವಂತೆ ಆಜ್ಞಾಪಿಸುವ ಅಧಿಕಾರವನ್ನು ಸ್ಥಳೀಯ ನ್ಯಾಯಾಧಿಪತಿಗಳಿಗೆ ನೀಡಿತು, ತಪ್ಪಿದರೆ ಸೆರೆಮನೆ. ಅದರ ಗುರಿ ಮಗುವಿನ ಹಿತಕ್ಕಿಂತ ಹೆಚ್ಚಾಗಿ ಪ್ಯಾರಿಷ್‌ನ ಹಣದ ಉಳಿತಾಯವಾಗಿತ್ತು. 1834ರ ಹೊಸ ಬಡವರ ಕಾನೂನು ಇಂಥ ಮಗುವಿನ ಭಾರವನ್ನು ಬಹುಮಟ್ಟಿಗೆ ತಾಯಿಯ ಹೆಗಲಿಗೇ ಹೊರಿಸಿತು. ಅದರ ವಿರುದ್ಧ ಎದ್ದ ಅಸಮಾಧಾನದ ಫಲವಾಗಿ 1844ರಲ್ಲಿ ತಾಯಿಯೇ ನ್ಯಾಯಾಧಿಪತಿಗಳ ಮುಂದೆ ಹೋಗಿ ತಂದೆಯಿಂದ ಹಣ ಕೇಳುವ ಅವಕಾಶ ಬಂದಿತು. ಅಂದಿನಿಂದ ಅದು ಪ್ಯಾರಿಷ್‌ನ ಲೆಕ್ಕವಾಗಿ ಉಳಿಯದೆ ತಾಯಿಯ ಬೇಡಿಕೆಯಾಯಿತು.

1861ರ ದಂಡ ಪ್ರಕ್ರಿಯಾ ಸಂಹಿತೆ ಈ ಮ್ಯಾಜಿಸ್ಟ್ರೇಟ್ ಪದ್ಧತಿಯನ್ನು ಬ್ರಿಟಿಷ್ ಭಾರತಕ್ಕೆ ತಂದಿತು. ಅದರ 316ನೆಯ ಕಲಮಿನ ಪ್ರಕಾರ, ಅನುಕೂಲವಿದ್ದೂ ಹೆಂಡತಿಯನ್ನಾಗಲಿ ತನ್ನನ್ನು ತಾನು ಸಾಕಿಕೊಳ್ಳಲಾರದ ಮಗುವನ್ನಾಗಲಿ ಅಲಕ್ಷಿಸಿದವನು ತಿಂಗಳಿಗೆ 50 ರೂಪಾಯಿ ಮೀರದಂತೆ ಹಣ ಕೊಡುವಂತೆ ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದಾಗಿತ್ತು. ಮಗು ಔರಸವೋ ಅನೌರಸವೋ ಎಂಬ ಭೇದವನ್ನು ಕಲಂ ಮಾಡಲಿಲ್ಲ. ತಂದೆಯ ಜಾತಿಮತಗಳನ್ನೂ ಅದು ಕೇಳಲಿಲ್ಲ. ಮದುವೆ, ವಾರಸುದಾರಿಕೆಗಳಲ್ಲಿ ಆಯಾ ಸಮುದಾಯದ ವೈಯಕ್ತಿಕ ಕಾನೂನನ್ನು ಬಿಟ್ಟುಕೊಟ್ಟ ಸರ್ಕಾರ, ಹಸಿವಿನ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ಕಲಮನ್ನು ಬರೆಯಿತು. 1872ರ ಸಂಹಿತೆಯಲ್ಲಿ ಅದು 536ನೆಯ ಕಲಮಾಗಿ, 1882 ಮತ್ತು 1898ರ ಸಂಹಿತೆಗಳಲ್ಲಿ 488ನೆಯ ಕಲಮಾಗಿ ಮುಂದುವರಿಯಿತು.

ವೈಸರಾಯರ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಈ ಅಧ್ಯಾಯವನ್ನು ಅಲೆಮಾರಿತನವನ್ನೋ ಕೊನೆಯಪಕ್ಷ ಅದರ ಪರಿಣಾಮಗಳನ್ನೋ ತಡೆಯುವ ಉಪಾಯವೆಂದು ಬಣ್ಣಿಸಿದ. ಕೌಟುಂಬಿಕ ಹಕ್ಕೊಂದು ಅಪರಾಧಗಳ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿಕೊಂಡ ಬಗೆ ಇದರಿಂದ ತಿಳಿಯುತ್ತದೆ. ಬೀದಿಗೆ ಬಿದ್ದ ಮಗು ಭಿಕ್ಷೆಗೂ ಕಳವಿಗೂ ಇಳಿಯಬಾರದೆಂಬ ಆಡಳಿತಗಾರನ ಆತಂಕವೇ ಅದರ ಪ್ರೇರಣೆ. ಆದರೆ ಪ್ರೇರಣೆ ಏನೇ ಇದ್ದರೂ ಸಿವಿಲ್ ವ್ಯಾಜ್ಯದ ವೆಚ್ಚವನ್ನು ಭರಿಸಲಾರದ ತಾಯಿಯರಿಗೆ ಮ್ಯಾಜಿಸ್ಟ್ರೇಟರ ಕಚೇರಿಯ ಬಾಗಿಲು ಅದರಿಂದ ತೆರೆಯಿತು.

ಎಷ್ಟು ಎಂಬ ಪ್ರಶ್ನೆ

ಮಿತಿಯ 50 ರೂಪಾಯಿ 1923ರಲ್ಲಿ 100 ರೂಪಾಯಿಯಾಯಿತು; 1955ರಲ್ಲಿ 500 ರೂಪಾಯಿಯಾಯಿತು. 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 488ನೆಯ ಕಲಂ 125ನೆಯದಾಗಿ ಮರುಹುಟ್ಟು ಪಡೆದಾಗಲೂ ಮಿತಿ 500 ರೂಪಾಯಿಯಲ್ಲಿಯೇ ನಿಂತಿತು. ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ತಿದ್ದುಪಡಿ ಮಾಡಿಕೊಂಡದ್ದನ್ನು ಬಿಟ್ಟರೆ, 2001ರಲ್ಲಿ ಸಂಸತ್ತು ಮಿತಿಯನ್ನೇ ತೆಗೆದುಹಾಕುವವರೆಗೆ 46 ವರ್ಷಗಳ ಕಾಲ ಅದು ಕದಲಲಿಲ್ಲ. ಈ ನಡುವೆ ಅಕ್ಕಿಬೇಳೆಯ ಬೆಲೆಯೂ ಶಾಲೆಯ ಶುಲ್ಕವೂ ಎಷ್ಟು ಪಟ್ಟು ಏರಿದವೆಂಬುದನ್ನು ನೆನೆದರೆ, ಮಕ್ಕಳ ಹಕ್ಕು ಕಾಗದದಲ್ಲಿ ಹಾಗೆಯೇ ಇದ್ದು ತಟ್ಟೆಯಲ್ಲಿ ಸವೆದುಹೋದ ಬಗೆ ಅರ್ಥವಾಗುತ್ತದೆ.

ಈ ಮಿತಿಯ ಕುರಿತ ವ್ಯಾಜ್ಯವೊಂದು ಅರ್ಥವಿವೇಚನೆಯ ದೃಷ್ಟಿಯಿಂದ ಸ್ವಾರಸ್ಯಕರವಾದುದು. ಕಲಮಿನಲ್ಲಿ 500 ರೂಪಾಯಿಯ ಜೊತೆಗೆ ‘ಒಟ್ಟಾರೆಯಾಗಿ’ ಎಂಬ ಅರ್ಥದ ಮಾತೊಂದಿತ್ತು. ತಾಯಿಯೂ ಮಕ್ಕಳೂ ಸೇರಿ ಒಟ್ಟಾರೆ 500 ರೂಪಾಯಿಯೇ, ಅಥವಾ ಒಬ್ಬೊಬ್ಬರ ಊಟ, ಬಟ್ಟೆ, ವಸತಿಗಳೆಲ್ಲ ಸೇರಿ ಒಬ್ಬೊಬ್ಬರಿಗೆ 500 ರೂಪಾಯಿಯೇ? 1978ರಲ್ಲಿ ರಮೇಶ್ ಚಂದರ್ ಕೌಶಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಎರಡನೆಯ ಅರ್ಥವನ್ನು ಎತ್ತಿಹಿಡಿದರು. ಈ ಕಲಂ ಹೆಂಗಸರನ್ನೂ ಮಕ್ಕಳನ್ನೂ ಕಾಪಾಡುವುದಕ್ಕೆಂದೇ ಹುಟ್ಟಿದ್ದು, ಆದ್ದರಿಂದ ಎರಡು ಅರ್ಥಗಳಿಗೆ ಎಡೆಯಿರುವಲ್ಲಿ ಆ ಉದ್ದೇಶಕ್ಕೆ ಒಪ್ಪುವ ಅರ್ಥವನ್ನು ಆರಿಸಬೇಕೆಂಬುದು ಅವರ ನಿಲುವು. ಒಂದು ಪದಗುಚ್ಛದ ಅನ್ವಯ ಬದಲಾದುದರಿಂದ ಮಕ್ಕಳ ಪಾಲು ತಾಯಿಯ ಪಾಲಿನಿಂದ ಬೇರೆಯಾಗಿ ನಿಂತಿತು. ವ್ಯಾಖ್ಯಾನವೆಂಬುದು ಪಂಡಿತರ ವಿಲಾಸ ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ದಂಡಸಂಹಿತೆಯ ದಾರಿಗೆ ಸಮಾನಾಂತರವಾಗಿ 1956ರಲ್ಲಿ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ಬಂದಿತು. ಬೌದ್ಧರು, ಜೈನರು, ಸಿಖ್ಖರಿಗೂ ಅನ್ವಯಿಸುವ ಈ ಕಾಯಿದೆಯ 20ನೆಯ ಕಲಂ ಔರಸ ಮತ್ತು ಅನೌರಸ ಮಕ್ಕಳಿಬ್ಬರನ್ನೂ ಸಾಕುವ ಹೊಣೆಯನ್ನು ತಂದೆಯ ಮೇಲೆ ಮಾತ್ರವಲ್ಲದೆ ತಾಯಿಯ ಮೇಲೂ ಹೊರಿಸಿತು. ಜೀವನಾಂಶವೆಂದರೆ ಅನ್ನ, ಬಟ್ಟೆ, ವಸತಿಯ ಜೊತೆಗೆ ಶಿಕ್ಷಣವೂ ವೈದ್ಯೋಪಚಾರವೂ ಎಂದು ಅದು ವಿವರಿಸಿತು. ದಾಸಿಯ ಮಗನಿಗಿದ್ದ ನಡತೆಯ ಷರತ್ತು ಇಲ್ಲಿಗೆ ಕೊನೆಗೊಂಡಿತು. ಮಗಳೂ ಮಗನಿಗೆ ಸಮನಾಗಿ ನಿಂತಳು.

ಯಾರು ಎಂಬ ಪ್ರಶ್ನೆ

ದುಷ್ಯಂತನ ಸಭೆಯಲ್ಲಿ ಪಿತೃತ್ವವನ್ನು ಸಾರಿದ್ದು ಅಶರೀರವಾಣಿ. 1872ರ ಸಾಕ್ಷ್ಯ ಅಧಿನಿಯಮದ 112ನೆಯ ಕಲಂ ಆ ಸ್ಥಾನದಲ್ಲಿ ಒಂದು ಊಹೆಯನ್ನು ಇರಿಸಿತು. ಊರ್ಜಿತವಾದ ಮದುವೆಯ ಕಾಲದಲ್ಲಿ ಹುಟ್ಟಿದ ಮಗು, ದಂಪತಿಗಳಿಗೆ ಪರಸ್ಪರ ಸಂಪರ್ಕಕ್ಕೆ ಅವಕಾಶವೇ ಇರಲಿಲ್ಲವೆಂದು ತೋರಿಸದ ಹೊರತು, ಆ ಗಂಡನದೇ. ಹಣ ಕೊಡಲೊಲ್ಲದ ತಂದೆಯರು ರಕ್ತಪರೀಕ್ಷೆಯ ಬೇಡಿಕೆಯನ್ನು ಮುಂದಿಡತೊಡಗಿದಾಗ, 1993ರ ಗೌತಮ್ ಕುಂಡು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ಪರೀಕ್ಷೆಯನ್ನು ಕೇಳಿದಾಗಲೆಲ್ಲ ಆಜ್ಞಾಪಿಸಲಾಗದೆಂದಿತು. ಮಗುವನ್ನು ಅಕ್ರಮಸಂತಾನವೆನಿಸಿ ತಾಯಿಗೆ ಕಳಂಕ ಹಚ್ಚುವುದರ ಪರಿಣಾಮವನ್ನು ನ್ಯಾಯಾಲಯ ತೂಗಿನೋಡಬೇಕೆಂಬುದು ಅದರ ಸಾರ. 2014ರಲ್ಲಿ, ಈಗಾಗಲೇ ನಡೆದ ಡಿಎನ್‌ಎ ಪರೀಕ್ಷೆಯ ಫಲಿತಾಂಶವು ಕಾನೂನಿನ ಊಹೆಗೆ ವಿರುದ್ಧವಾಗಿ ಬಂದಾಗ ವಿಜ್ಞಾನದ ಸತ್ಯಕ್ಕೆ ಮನ್ನಣೆ ದೊರೆಯಿತು. ಅಶರೀರವಾಣಿ ಈಗ ಪ್ರಯೋಗಾಲಯದಿಂದ ಕೇಳಿಬರುತ್ತದೆ. ಅದು ತಾಯಿಯ ಪರವಾಗಿಯೇ ನುಡಿಯಬೇಕೆಂದಿಲ್ಲ.

ಮಗುವಿನ ಹಕ್ಕು ತಾಯಿಯ ವ್ಯಾಜ್ಯದೊಳಗೆ ಸಿಕ್ಕಿಕೊಳ್ಳುವ ಅಪಾಯ 1986ರಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು. 1985ರ ಶಾ ಬಾನೋ ತೀರ್ಪು ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ನೆಯ ಕಲಮಿನ ಜೀವನಾಂಶ ಸಲ್ಲುವುದೆಂದು ಹೇಳಿದ ಮೇಲೆ ಎದ್ದ ವಿವಾದದ ಫಲವಾಗಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಮಕ್ಕಳನ್ನು ತಾನೇ ಸಾಕುತ್ತಿರುವ ವಿಚ್ಛೇದಿತೆಗೆ ಮಗು ಹುಟ್ಟಿದಂದಿನಿಂದ ಎರಡು ವರ್ಷಗಳವರೆಗೆ ಮಾಜಿ ಗಂಡ ಹಣ ಕೊಡಬೇಕೆಂಬ ಮಾತು ಅದರಲ್ಲಿತ್ತು. ಹಾಗಾದರೆ ಎರಡು ತುಂಬಿದ ಮಗುವಿನ ಹಕ್ಕು ಮುಗಿಯಿತೇ? ಇಸ್ಲಾಮೀ ನ್ಯಾಯಶಾಸ್ತ್ರವೂ ಮಕ್ಕಳ ನಫಕಾವನ್ನು ತಂದೆಯ ಹೊಣೆಯೆಂದೇ ಪರಿಗಣಿಸುತ್ತದೆ. 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಗೊಂದಲವನ್ನು ಬಿಡಿಸಿತು. ಎರಡು ವರ್ಷದ ಮಾತು ಹಾಲೂಡಿಸಿ ಸಾಕುವ ತಾಯಿಗೆ ಸಂಬಂಧಿಸಿದ್ದು. ಮಗುವಿನ ಹಕ್ಕು ಅದರಿಂದ ಬೇರೆಯಾದದ್ದು, ತನ್ನಷ್ಟಕ್ಕೆ ತಾನೇ ನಿಲ್ಲುವಂಥದು. ‘ಶಿಶು’ವಿಗೆ ಬೇರೆ ಷರತ್ತಿಲ್ಲವೆಂಬ ಹಳೆಯ ತತ್ತ್ವವೇ ಇಲ್ಲಿ ಮತ್ತೆ ಗೆದ್ದಿತು.

ಕೊಡಿಸುವ ಕೈ

ಇಷ್ಟಾದ ಮೇಲೂ ಆದೇಶದ ನಕಲನ್ನು ಪಡೆದ ತಾಯಿಗೆ ದೊರೆತಿರುವುದು ಆದೇಶ ಮಾತ್ರ, ಹಣವಲ್ಲ. ನಕಲನ್ನು ತೋರಿಸಿದರೆ ಅಂಗಡಿಯವನು ಹಾಲು ಕೊಡುವುದಿಲ್ಲ, ಶಾಲೆಯವರು ಶುಲ್ಕದ ರಸೀದಿ ಬರೆಯುವುದಿಲ್ಲ. ತಂದೆಯು ಕೊಡದಿದ್ದರೆ ಆಕೆ ಮತ್ತೊಂದು ಅರ್ಜಿ ಹಾಕಬೇಕು. 125ನೆಯ ಕಲಮಿನ ಮೂರನೆಯ ಉಪಕಲಮಿನಂತೆ ನ್ಯಾಯಾಲಯವು ದಂಡವನ್ನು ವಸೂಲು ಮಾಡುವ ರೀತಿಯಲ್ಲಿ ವಾರಂಟ್ ಹೊರಡಿಸುತ್ತದೆ. ಅಂದರೆ ಸ್ವತ್ತನ್ನು ಜಪ್ತಿ ಮಾಡಬಹುದು. ಆಗಲೂ ಬಾಕಿ ಉಳಿದರೆ ಒಂದು ತಿಂಗಳವರೆಗೆ, ಅಥವಾ ಅದಕ್ಕೆ ಮೊದಲೇ ಹಣ ಕಟ್ಟುವವರೆಗೆ, ಸೆರೆಮನೆಗೆ ಕಳುಹಿಸಬಹುದು. ಬಾಕಿ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸದಿದ್ದರೆ ಆ ಬಾಕಿಗೆ ವಾರಂಟ್ ಇಲ್ಲ. ಗಂಡನ ವಿಳಾಸ, ನೌಕರಿ, ಸ್ವತ್ತುಗಳ ವಿವರವನ್ನು ಹುಡುಕಿ ತರುವವಳೂ ಅವಳೇ. ಪ್ರತಿ ವಾಯಿದೆಗೂ ದಿನದ ಕೂಲಿ ಬಿಟ್ಟು ಬರುವವಳೂ ಅವಳೇ.

ಸೆರೆವಾಸದ ವಿಷಯದಲ್ಲಿ ಒಂದು ವಿಚಿತ್ರ ವಾದವೂ ಹುಟ್ಟಿಕೊಂಡಿತ್ತು. ಹಣ ಕೊಡದೆ ಜೈಲಿಗೆ ಹೋಗಿಬಂದವನು ಆ ಮೂಲಕ ಬಾಕಿಯನ್ನು ತೀರಿಸಿದಂತೆ ಆಯಿತಲ್ಲವೇ ಎಂಬುದು ಆ ವಾದ. 1980ರ ದಶಕದ ಕೊನೆಯಲ್ಲಿ ಕುಲ್‌ದೀಪ್ ಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಸೆರೆವಾಸವು ಕೊಡಿಸುವುದಕ್ಕೆ ಬಳಸುವ ಒತ್ತಡದ ಸಾಧನ. ಅದು ಕೊಡುವುದಕ್ಕೆ ಬದಲಿಯಲ್ಲ. ಹೊಣೆ ತೀರುವುದು ಹಣ ಸಂದಾಗ ಮಾತ್ರ. ಕೌಟಿಲ್ಯನ ಹನ್ನೆರಡು ಪಣಗಳಲ್ಲಿದ್ದ ಲೋಪವನ್ನು ಈ ತೀರ್ಪು ಹೆಸರಿಟ್ಟು ಹೇಳದಿದ್ದರೂ ಸರಿಯಾಗಿ ಗುರುತಿಸಿದೆ: ತಂದೆಯನ್ನು ದಂಡಿಸಿದ ಮಾತ್ರಕ್ಕೆ ಮಗುವಿನ ಹೊಟ್ಟೆ ತುಂಬದು.

ಎರಡನೆಯ ಅಡಚಣೆ ಕಾಲದ್ದು. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ ಉದ್ದೇಶವೇ ಇಂಥ ವ್ಯಾಜ್ಯಗಳನ್ನು ಬೇಗ ಬಗೆಹರಿಸುವುದು. 2001ರ ತಿದ್ದುಪಡಿ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಮಟ್ಟಿಗೆ ನೋಟಿಸು ಜಾರಿಯಾದ 60 ದಿನಗಳೊಳಗೆ ತೀರ್ಮಾನಿಸಬೇಕೆಂದಿತು. ಹಾಗಿದ್ದೂ 2014ರಲ್ಲಿ ಭುವನ್ ಮೋಹನ್ ಸಿಂಗ್ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಆ ಅರ್ಜಿ ಕೌಟುಂಬಿಕ ನ್ಯಾಯಾಲಯದಲ್ಲಿಯೇ ಒಂಬತ್ತು ವರ್ಷ ಕಳೆದಿತ್ತು. ಒಂಬತ್ತು ವರ್ಷವೆಂದರೆ ಮಗುವೊಂದರ ಬಾಲ್ಯದ ಅರ್ಧ. ಆಸ್ತಿಯ ವ್ಯಾಜ್ಯದಲ್ಲಿ ತಡವಾಗಿ ದೊರೆತ ಭೂಮಿ ಭೂಮಿಯಾಗಿಯೇ ಇರುತ್ತದೆ. ಆರನೆಯ ವರ್ಷದ ಹಾಲು ಹದಿನೈದನೆಯ ವರ್ಷದಲ್ಲಿ ದೊರೆತರೆ ಅದು ಹಾಲಲ್ಲ, ಬರಿಯ ಬಾಕಿ.

2020ರ ನವೆಂಬರ್ 4ರಂದು ಹೊರಬಿದ್ದ ರಜನೇಶ್–ನೇಹಾ ಪ್ರಕರಣದ ತೀರ್ಪು ಈ ಚರಿತ್ರೆಯಲ್ಲಿ ಮಹತ್ತ್ವದ ಘಟ್ಟ. 2013ರಲ್ಲಿ ಹೆಂಡತಿಗೂ ಅಪ್ರಾಪ್ತವಯಸ್ಕ ಮಗನಿಗೂ ದೊರೆತ ಮಧ್ಯಂತರ ಆದೇಶವೊಂದರ ಜಾರಿಗಾಗಿ ಏಳು ವರ್ಷ ನಡೆದ ಹೋರಾಟ ಅದರ ಹಿನ್ನೆಲೆ. ಎರಡೂ ಕಡೆಯವರು ತಮ್ಮ ಆದಾಯ, ಸ್ವತ್ತು, ಸಾಲಗಳ ಪೂರ್ಣ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದೂ, ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕೆಂದೂ, ಆದೇಶವನ್ನು ಸಿವಿಲ್ ನ್ಯಾಯಾಲಯದ ಹಣದ ಡಿಕ್ರಿಯಂತೆಯೂ ಜಾರಿಗೊಳಿಸಬಹುದೆಂದೂ ನ್ಯಾಯಾಲಯ ಹೇಳಿತು. ತಂದೆಯ ಸಂಪಾದನೆಯನ್ನು ಸಾಬೀತುಪಡಿಸುವ ಭಾರ ತಾಯಿಯ ಹೆಗಲಿನಿಂದ ಸ್ವಲ್ಪಮಟ್ಟಿಗೆ ಇಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 125ನೆಯ ಕಲಂ 144ನೆಯದಾಗಿದೆ. 316, 536, 488, 125, 144 ಎಂದು ಸಂಖ್ಯೆ ನಾಲ್ಕು ಬಾರಿ ಬದಲಾಗಿದೆ. ಬಾಕಿಗಾಗಿ ತಾಯಿಯೇ ಮತ್ತೆ ಬಾಗಿಲು ತಟ್ಟಬೇಕೆಂಬ ಕ್ರಮ 1861ರಿಂದ ಬದಲಾಗಿಲ್ಲ.

ಬೇರೆ ದೇಶಗಳು ಈ ಕ್ರಮವನ್ನೇ ಬದಲಿಸಲು ಯತ್ನಿಸಿವೆ. ಅಮೆರಿಕವು 1975ರಲ್ಲಿ ಮಕ್ಕಳ ಪೋಷಣೆಯ ಹಣದ ವಸೂಲಿಗೆ ರಾಷ್ಟ್ರವ್ಯಾಪಿ ಏರ್ಪಾಡನ್ನು ರೂಪಿಸಿ ಮುಂದೆ ಸಂಬಳದಿಂದಲೇ ಹಣ ಕಡಿಯುವ ಪದ್ಧತಿಯನ್ನು ಬೆಳೆಸಿತು. ಆಸ್ಟ್ರೇಲಿಯವು 1988ರಲ್ಲಿ ಈ ಕೆಲಸವನ್ನು ತೆರಿಗೆ ಇಲಾಖೆಗೆ ಒಪ್ಪಿಸಿತು. ಜರ್ಮನಿಯಲ್ಲಿ 1980ರಿಂದ, ತಂದೆಯೋ ತಾಯಿಯೋ ಕೊಡದಿದ್ದಾಗ ಸರ್ಕಾರವೇ ಮಗುವಿಗೆ ಮುಂಗಡವಾಗಿ ಹಣ ಕೊಟ್ಟು ಅನಂತರ ಹೊಣೆಗಾರರಿಂದ ವಸೂಲು ಮಾಡಿಕೊಳ್ಳುತ್ತದೆ. ಎಲ್ಲವೂ ಸುಸೂತ್ರವಾಗಿ ನಡೆದಿದೆಯೆಂದಲ್ಲ. 1993ರಲ್ಲಿ ಬ್ರಿಟನ್ ಸ್ಥಾಪಿಸಿದ ಸಂಸ್ಥೆ ಲೆಕ್ಕದ ತಪ್ಪುಗಳಿಗೂ ಬೆಟ್ಟದಂತೆ ಬೆಳೆದ ಬಾಕಿಗಳಿಗೂ ಕುಖ್ಯಾತವಾಗಿ, 2012ರಲ್ಲಿ ಆರಂಭವಾದ ಬೇರೊಂದು ವ್ಯವಸ್ಥೆಗೆ ಎಡೆಬಿಟ್ಟುಕೊಟ್ಟಿತು. ಆದರೂ ಈ ಯತ್ನಗಳಲ್ಲಿ ಸಮಾನವಾದ ಒಂದು ತಿಳಿವಳಿಕೆಯಿದೆ. ಮುರಿದ ದಾಂಪತ್ಯದ ಇಬ್ಬರ ನಡುವೆ ಪ್ರತಿ ತಿಂಗಳೂ ಹಣ ದಾಟಬೇಕಾದರೆ, ಆ ಜಗಳದಲ್ಲಿ ಪಾಲಿಲ್ಲದ ಮೂರನೆಯ ಕೈಯೊಂದು ಬೇಕು.

ಯಾಜ್ಞವಲ್ಕ್ಯನ ‘ದಾಪ್ಯಃ’ ಎಂಬ ಪದ ಸೂಚಿಸುವುದೂ ಈ ಮೂರನೆಯ ಕೈಯನ್ನೇ. ಭಾರತದ ಕಾನೂನು ಮಗುವಿಗೆ ಕೊಡಬೇಕೆಂಬುದನ್ನು ಒಪ್ಪಿದೆ, ಎಷ್ಟೆಂಬುದನ್ನು ಅಳೆಯಲು ಕಲಿತಿದೆ, ಯಾರೆಂಬುದನ್ನು ಪರೀಕ್ಷಿಸುವ ವಿಜ್ಞಾನವನ್ನೂ ಪಡೆದಿದೆ. ಕೊಡಿಸುವ ಕೆಲಸವನ್ನು ಮಾತ್ರ ಎಲ್ಲರಿಗಿಂತ ದುರ್ಬಲಳಾದ ತಾಯಿಗೇ ಬಿಟ್ಟಿದೆ. ವ್ಯಾಸನ ಕಥೆಯಲ್ಲಿ ಅಶರೀರವಾಣಿಯಾದ ಮೇಲೆ ದುಷ್ಯಂತನು ಸಿಂಹಾಸನದಿಂದ ಎದ್ದು ಮಗನನ್ನು ಅಪ್ಪಿಕೊಳ್ಳುತ್ತಾನೆ. ಅಲ್ಲಿ ಆಜ್ಞೆಗೂ ಪಾಲನೆಗೂ ನಡುವೆ ಒಂದು ಕ್ಷಣದ ಅಂತರವೂ ಇಲ್ಲ. ಇಂದಿನ ನ್ಯಾಯಾಲಯದ ಆಜ್ಞೆಗೂ ಮಗುವಿನ ತಟ್ಟೆಗೂ ನಡುವಿನ ಅಂತರವನ್ನು ವರ್ಷಗಳಲ್ಲಿ ಎಣಿಸಬೇಕಾಗಿದೆ. ಅಷ್ಟರಲ್ಲಿ ಮಗು ಬೆಳೆದುಬಿಡುತ್ತದೆ.